ಲೋಕಲ್ ರೈಲು ಮುಗಿಯುವಲ್ಲಿ ಕಾಡು: ಮುಂಬಯಿ–ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘದ ವಾರ್ಷಿಕೋತ್ಸವದ ಊಟದ ಸಾಲಿನಲ್ಲಿ, ಮದುವೆ ಮನೆಯಲ್ಲಿ, ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತ ಲೋಕಲಿನಲ್ಲಿ, ಎಲ್ಲೇ ಆಗಲಿ ನಾನು ಭಾನುವಾರ ಬೆಟ್ಟ ಹತ್ತುವವನು ಎಂದು ಗೊತ್ತಾದರೆ ಪ್ರಶ್ನೆ ಶುರು. ಇಪ್ಪತ್ತು ವರ್ಷದಲ್ಲಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬಂದಿವೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ.

## ಮೊದಲ ಸಲ ಹೊರಡುವವರಿಗೆ

ಮುಂಬಯಿಗೆ ಬಂದು ಹತ್ತು ವರ್ಷ ಆಯ್ತು. ಮಾಲು, ಜುಹು ಬೀಚು ಬಿಟ್ರೆ ಇಲ್ಲಿ ನೋಡೋಕೆ ಏನಿದೆ?

ಬೊರಿವಲಿ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ನಡೆದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಸುಮಾರು 104 ಚದರ ಕಿಲೋಮೀಟರ್ ಕಾಡು, ಸುತ್ತ ಮೂರು ಕಡೆ ಕಟ್ಟಡ. ವಿಹಾರ, ತುಳಸಿ ಎಂಬ ಎರಡು ಕೆರೆ ಒಳಗಿವೆ. ಮುಂಬಯಿ ಇಂದಿಗೂ ಅವುಗಳ ನೀರು ಕುಡಿಯುತ್ತದೆ.

ಗೇಟಿನಿಂದ ಆರೇಳು ಕಿಲೋಮೀಟರ್ ಒಳಗೆ ಕನ್ಹೇರಿ. ಒಂದೇ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಮಳೆ ನೀರು ಹಿಡಿಯಲು ಬಂಡೆಯಲ್ಲೇ ಕೊರೆದ ಕಾಲುವೆ, ತೊಟ್ಟಿಗಳನ್ನು ನೋಡದೆ ಬರಬೇಡಿ. ನಮಗೆ ಇಲ್ಲಿ ಇನ್ನೊಂದು ನಂಟಿದೆ: ಒಂಬತ್ತನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ಕೊಂಕಣದ ಶಿಲಾಹಾರರು ತಮ್ಮ ದೊರೆಯೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು, ಅಂದರೆ ನಮ್ಮ ನೃಪತುಂಗನನ್ನು. ‘ಪರಊರಿಗೆ ಬಂದುಬಿಟ್ಟೆವು’ ಎಂದು ಕೊರಗುವವರನ್ನು ನಾನು ಮೊದಲು ಕರೆದೊಯ್ಯುವುದು ಇಲ್ಲಿಗೇ. ಸೋಮವಾರ ರಜೆ, ಮರೆಯಬೇಡಿ.

ಯಾವ ತಿಂಗಳಲ್ಲಿ ಎಲ್ಲಿಗೆ ಹೋಗಬೇಕು ಅಂತ ಒಂದು ಪಟ್ಟಿ ಕೊಡ್ತೀರಾ?

ಜಾಗವನ್ನು ಮೊದಲು ಆರಿಸಿ ಆಮೇಲೆ ರಜೆ ಹುಡುಕುವುದೇ ನಮ್ಮವರ ತಪ್ಪು. ಈ ಸೀಮೆಯಲ್ಲಿ ಕಾಲ ಮೊದಲು, ಜಾಗ ಆಮೇಲೆ. ಮೇ ತಿಂಗಳಲ್ಲಿ ಬೋಳು ಕರಿಕಲ್ಲಾಗಿ ಕಾಯುವ ಗುಡ್ಡವೇ ಜುಲೈಯಲ್ಲಿ ನಮ್ಮ ಘಟ್ಟದ ಹಾಗೆ ಹಸಿರಾಗಿ ನಿಂತಿರುತ್ತದೆ.

ಮೇ ಕೊನೆ, ಜೂನ್ ಮೊದಲು ಮಿಂಚುಹುಳ. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಮಳೆ: ಸುಲಭದ ಕೋಟೆಗಳು ಮಾತ್ರ. ಸೆಪ್ಟೆಂಬರ್, ಅಕ್ಟೋಬರ್ ಹೂವಿನ ಕಾಲ. ನವೆಂಬರಿನಿಂದ ಫೆಬ್ರವರಿ ಎತ್ತರದ ಬೆಟ್ಟಗಳಿಗೆ, ವಲಸೆ ಹಕ್ಕಿಗಳಿಗೆ. ಮಾರ್ಚ್ ನಂತರ ಬಿಸಿಲು ಏರಿದ ಮೇಲೆ ಬೆಟ್ಟ ಬಿಟ್ಟು ನೀರಿನ ಕಡೆ: ಖಾಡಿಯ (ಕಡಲ ನೀರು ಒಳನುಗ್ಗುವ ಕೊಲ್ಲಿಯ) ರಾಜಹಂಸ, ಅಂದರೆ ಫ್ಲೆಮಿಂಗೊ, ಸಮುದ್ರದ ದಂಡೆ, ರಾಫ್ಟಿಂಗ್.

ನಮ್ಮ ಮನ್ಯಾಗ ಎಂಟ್ ವರ್ಷದ ಹುಡುಗ ಅದಾನ್ರಿ. ಮೊದಲ್ನೇ ಸಲ ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಕರ್ನಾಳಕ್ಕೆ. ಪನವೇಲಿನಿಂದ ಹನ್ನೆರಡು ಕಿಲೋಮೀಟರ್, ಗೋವಾ ಹೆದ್ದಾರಿಯ ಮೇಲೇ ಇದೆ. 1968ರಿಂದ ಪಕ್ಷಿಧಾಮ. ನೆರಳಿನ ಹಾದಿ, ನಡುವೆ ಕಲ್ಲುಬೆಂಚು, ಮೇಲೆ ಹೆಬ್ಬೆರಳು ಎತ್ತಿದಂತೆ ನಿಂತ ಕೋಟೆಯ ಕಲ್ಲುಕಂಬ. ಹುಡುಗನಿಗೆ ಭೀಮರಾಜನನ್ನು ತೋರಿಸಿ: ಕಪ್ಪು ಹಕ್ಕಿ, ಬಾಲದಿಂದ ಎರಡು ತಂತಿ ಇಳಿದು ತುದಿಯಲ್ಲಿ ಪುಟ್ಟ ಗರಿ. ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸಿ ಮೋಸ ಮಾಡುತ್ತದೆ, ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ. ಏಳು ಗಂಟೆಗೆ ಗೇಟಿನಲ್ಲಿರಿ. ಹತ್ತಾದ ಮೇಲೆ ಹಕ್ಕಿಗಿಂತ ಪಿಕ್ನಿಕ್ಕಿನವರ ಸದ್ದೇ ಜಾಸ್ತಿ. ಕೋಟೆಯ ತುದಿ ಮೊದಲ ಸಲಕ್ಕೆ ಬೇಡ, ಮೇಲುಗಡೆ ಕಡಿದಾಗಿದೆ.

ಅಷ್ಟು ದೂರ ಬೇಡ ಎಂದರೆ ಸಯನ್–ಬಾಂದ್ರಾ ಲಿಂಕ್ ರಸ್ತೆಯಲ್ಲಿ, ಧಾರಾವಿಗೆ ತಾಗಿಕೊಂಡಂತೆ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಒಂದು ಕಾಲದ ಕಸದ ಗುಡ್ಡ ಈಗ ಕಾಡಾಗಿದೆ. ಮಾಟುಂಗಾದಲ್ಲಿ ಇಡ್ಲಿ ತಿಂದು ಅಲ್ಲಿಗೆ ಹೋದರೆ ಅರ್ಧ ದಿನ ಚೆನ್ನಾಗಿ ಕಳೆಯುತ್ತದೆ.

ಅಮ್ಮ ಊರಿಂದ ಬಂದಿದ್ದಾರೆ, ಮೊಣಕಾಲು ನೋವು. ಅವರನ್ನೂ ಕರ್ಕೊಂಡು ಹೋಗೋ ಹಾಗೆ ಏನಾದ್ರೂ ಹೇಳಿ.

ಮಾಥೆರಾನ್. ಎಂಟುನೂರು ಮೀಟರ್ ಎತ್ತರದ, ಪೂರ್ತಿ ಮರ ತುಂಬಿದ ಊರು. ಒಳಗೆ ಕಾರು, ಬೈಕು ಬಿಡುವುದಿಲ್ಲ, ದಸ್ತೂರಿ ನಾಕಾದಲ್ಲೇ ನಿಲ್ಲಿಸಬೇಕು. ಅಲ್ಲಿ ಪಕ್ಕದ ಅಮನ್ ಲಾಜ್ ಸ್ಟೇಷನ್ನಿನಿಂದ ಊರೊಳಕ್ಕೆ ಪುಟಾಣಿ ರೈಲು ಓಡುತ್ತದೆ, ಅಮ್ಮನಿಗೆ ಅದೇ ಸಾಕು. ಬೆಟ್ಟದ ಬುಡದ ನೇರಳ ಸ್ಟೇಷನ್ನಿನಿಂದಲೇ ಹತ್ತುವ 1907ರ ಆ ಹಳೆಯ ರೈಲು ಮಳೆಗಾಲದಲ್ಲಿ ನಿಲ್ಲುತ್ತದೆ, ಮೇಲಿನ ತುಂಡು ಮಾತ್ರ ಓಡುತ್ತದೆ. ಕೆಂಪು ಮಣ್ಣಿನ ದಾರಿ ನೋಡಿ ನನ್ನ ತಾಯಿ ‘ಇದು ನಮ್ಮ ತೀರ್ಥಹಳ್ಳಿ ದಾರಿ ಥರಾನೇ ಇದೆಯಲ್ಲೋ’ ಎಂದಿದ್ದರು. ಕೋತಿಗಳ ಕೈಗೆ ತಿಂಡಿ ಚೀಲ ಸಿಗದಂತೆ ನೋಡಿಕೊಳ್ಳಿ.

ನಮ್ಮತ್ರ ಕಾರಿಲ್ಲ. ರೈಲಲ್ಲೇ ಹೋಗಿ ಬರೋಕೆ ಆಗುತ್ತಾ?

ಆಗುತ್ತದೆ, ಅದೇ ಸರಿ. ಕಾರು ಇದ್ದವರು ಭಾನುವಾರ ಸಂಜೆ ಲೋಣಾವಳದಲ್ಲಿ ಮೂರು ಗಂಟೆ ಹಾರನ್ ಕೇಳುತ್ತ ಕೂರುತ್ತಾರೆ.

ಮಧ್ಯ ರೈಲ್ವೆಯ ಎರಡು ಕೊಂಬೆ ನೆನಪಿಡಿ. ಕರ್ಜತ್ ಕಡೆಯದು ನೇರಳ, ಮಾಥೆರಾನ್, ಕೊಂಢಾಣೆ ಗುಹೆ, ರಾಜಮಾಚಿಗೆ. ಕಸಾರಾ ಕಡೆಯದು ಆಸನಗಾಂವಿನ ಮಾಹುಲಿ ಕೋಟೆಗೆ, ಮುಂದೆ ಕಳಸೂಬಾಯಿ, ಭಂಡಾರದರಾ ಕಡೆಗೆ. ಸ್ಟೇಷನ್ ಹೊರಗೆ ಷೇರ್ ಜೀಪು, ಟಮ್‌ಟಮ್ ಇರುತ್ತವೆ. ತುಂಬುವ ತನಕ ಹೊರಡುವುದಿಲ್ಲ, ಅಷ್ಟೆ. ಪುಣೆಯವರಿಗೆ ಪುಣೆ–ಲೋಣಾವಳ ಲೋಕಲಿನ ಮಳವಲಿ ಸ್ಟೇಷನ್ ಒಂದು ವರ. ಇಳಿದು ನಡೆದರೆ ಭಾಜೆ ಗುಹೆ, ಅಲ್ಲಿಂದ ಎರಡು ಗಂಟೆಯಲ್ಲಿ ಲೋಹಗಡ. ಮುಂಬಯಿಯವರು ಲೋಣಾವಳದಲ್ಲಿ ಇಳಿದು ಅದೇ ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ ಮಳವಲಿ.

ಎರಡು ಎಚ್ಚರಿಕೆ. ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು) ಎಲ್ಲಿ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ವಾಪಸಿನ ಕೊನೆಯ ಲೋಕಲ್ ಹೊತ್ತನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ‘ನನಗೆ ನೆನಪಿದೆ’ ಎಂದು ಜಂಬ ಮಾಡಿ ನಾನು ಒಮ್ಮೆ ಕಸಾರಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ರಾತ್ರಿ ಕಳೆದಿದ್ದೇನೆ. ಜೊತೆಗಿದ್ದ ಭಾವಮೈದುನ ಇವತ್ತಿಗೂ ಅದನ್ನು ಬಿಟ್ಟುಕೊಟ್ಟಿಲ್ಲ.

ತಿಂಡಿ ಕಟ್ಟಿಕೊಂಡು ಹೋಗೋದಾ, ಅಲ್ಲೇ ಸಿಗುತ್ತಾ?

ಬುಡದ ಹಳ್ಳಿಗಳಲ್ಲಿ ಸಿಗುತ್ತದೆ. ಪಿಠಲ–ಭಾಕ್ರಿ ಎಂದರೆ ಬೆಳಗಾವಿ, ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ. ದಕ್ಷಿಣದವರಿಗೆ: ಕಡಲೆಹಿಟ್ಟಿನ ಜುಣಕ, ರೊಟ್ಟಿ. ಜೊತೆಗೆ ಠೇಚಾ, ಅಂದರೆ ಕುಟ್ಟಿದ ಮೆಣಸಿನಕಾಯಿ ಚಟ್ನಿ. ಪುಣೆಯ ಸಿಂಹಗಡದ ಮೇಲೆ ಕುಡಿಕೆ ಮೊಸರೂ ಸಿಗುತ್ತದೆ, ಅದಕ್ಕಾಗಿಯೇ ಬೆಟ್ಟ ಹತ್ತುವವರಿದ್ದಾರೆ. ಹತ್ತುವ ಮೊದಲು ಮನೆಯೊಂದರ ಮುಂದೆ ನಿಂತು ‘ಮಾವಶೀ, ನಾಲ್ಕು ಜನರಿಗೆ ಜೇವಣ’ (ಚಿಕ್ಕಮ್ಮಾ, ನಾಲ್ಕು ಜನರಿಗೆ ಊಟ) ಎಂದು ಹೇಳಿ ಹೋದರೆ ಇಳಿಯುವ ಹೊತ್ತಿಗೆ ಬಿಸಿ ಊಟ ಕಾದಿರುತ್ತದೆ. ದುಡ್ಡೂ ಹಳ್ಳಿಯಲ್ಲೇ ಉಳಿಯುತ್ತದೆ.

ಮನೆಯಿಂದ ಒಯ್ಯುವುದಾದರೆ ಚಪಾತಿ–ಪಲ್ಯ, ಅವಲಕ್ಕಿ, ಬೆಲ್ಲ–ಶೇಂಗಾ. ಕಾಯಿ ಹಾಕಿದ ಚಿತ್ರಾನ್ನ ಸೆಖೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ತಲೆಗೆ ಎರಡು ಲೀಟರ್ ನೀರು, ಬೇಸಿಗೆಯಲ್ಲಿ ಮೂರು. ಕೋಟೆಯ ಟಾಕಿಯ (ಬಂಡೆಯಲ್ಲಿ ಕೊರೆದ ತೊಟ್ಟಿಯ) ನೀರು ಎಲ್ಲವೂ ಕುಡಿಯುವಂಥದ್ದಲ್ಲ, ಹಳ್ಳಿಯವರನ್ನು ಕೇಳಿ.

## ಕಾಡು, ಹಕ್ಕಿ, ಪ್ರಾಣಿ

ಹುಲಿ ಕಾಣಿಸುತ್ತಾ?

ಬೊರಿವಲಿ ಸಫಾರಿಯ ಬಸ್ಸಿನಿಂದ ಕಾಣುವ ಹುಲಿ, ಸಿಂಹ ಬೇಲಿಯೊಳಗೆ ಸಾಕಿದವು. ನೋಡಿ ಖುಷಿಪಡಿ, ‘ಕಾಡಿನ ಹುಲಿ ನೋಡಿದೆ’ ಎಂದು ಊರಿಗೆ ಫೋನ್ ಮಾಡಬೇಡಿ. ತಾಡೋಬಾ ಹುಲಿ ಕಾಡು ವಿದರ್ಭದ ತುದಿಯ ಚಂದ್ರಪುರದಲ್ಲಿದೆ, ಅದು ಶನಿವಾರ ಹೋಗಿ ಭಾನುವಾರ ಬರುವ ಊರಲ್ಲ. ಹತ್ತಿರದ ಹುಲಿ ಕಾಡೆಂದರೆ ಕೊಯ್ನಾ, ಚಾಂದೋಲಿ ಸೇರಿಸಿ 2010ರಲ್ಲಿ ಮಾಡಿದ ಸಹ್ಯಾದ್ರಿ ಹುಲಿ ಮೀಸಲು. ಅಲ್ಲಿ ಹುಲಿ ಬಹಳ ಕಡಿಮೆ. ನಮ್ಮ ದಾಂಡೇಲಿಯ ಕಾಳಿ ಕಾಡಿನಿಂದ ಘಟ್ಟದ ಗುಂಟ ನಡೆದುಕೊಂಡು ಅಲ್ಲಿಗೆ ಹೋದ ಹುಲಿ ಕ್ಯಾಮೆರಾಗಳಲ್ಲಿ ಸಿಕ್ಕಿದೆ. ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಬೊರಿವಲಿಯಲ್ಲಿ ಚಿರತೆ ಎದುರಾದ್ರೆ ಏನು ಮಾಡೋದು?

ನಡು ಹಗಲು, ಜನರ ಹಾದಿಯಲ್ಲಿ ಎದುರಾಗುವುದೇ ಅಪರೂಪ. ಹಾಗೆಂದು ಇಲ್ಲ ಎಂದಲ್ಲ. ಉದ್ಯಾನ, ಪಕ್ಕದ ಆರೇ ಕಾಲೊನಿ ಸೇರಿ ಕ್ಯಾಮೆರಾ ಎಣಿಕೆಗಳಲ್ಲಿ ಸಿಕ್ಕಿರುವುದು ಐವತ್ತರ ಆಸುಪಾಸು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಚಿರತೆ ಲೋಕದಲ್ಲೇ ವಿರಳ. ಕಾಡಂಚಿನ ಕಸ, ಕಸಕ್ಕೆ ಬರುವ ಬೀದಿನಾಯಿ, ನಾಯಿಗೆ ಬರುವ ಚಿರತೆ, ಇದು ಸರಪಳಿ. ಕಾಡಿನ ವಾರ್ಲಿ ಆದಿವಾಸಿಗಳು ವಾಘೋಬಾ ಎಂದು ಪೂಜೆ ಮಾಡಿಕೊಂಡು ಅದರ ಜೊತೆಗೇ ಬದುಕಿದ್ದಾರೆ. ನಮ್ಮ ಕರಾವಳಿಯವರಿಗೆ ಪಿಲಿಚಾಮುಂಡಿ ನೆನಪಾಗಬಹುದು.

ಕಂಡರೆ ಓಡಬೇಡಿ, ಬಗ್ಗಬೇಡಿ, ಬೆನ್ನು ತೋರಿಸಬೇಡಿ. ಮಕ್ಕಳನ್ನು ಎತ್ತಿಕೊಂಡು, ಮುಖ ಅದರ ಕಡೆಗಿಟ್ಟು, ಗಟ್ಟಿಯಾಗಿ ಮಾತಾಡುತ್ತ ನಿಧಾನ ಹಿಂದೆ ಸರಿಯಿರಿ, ಅದು ಹೋಗಲು ದಾರಿ ಬಿಡಿ. ಕತ್ತಲಾದ ಮೇಲೆ ಕಾಡಂಚಿನಲ್ಲಿ ಮಕ್ಕಳು ಒಂಟಿಯಾಗಿ ಓಡಾಡಬಾರದು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಫ್ಲೆಮಿಂಗೊ ನೋಡೋಕೆ ಹೋಗಿದ್ವಿ, ಬರೀ ಕೆಸರು ಕಾಣಿಸ್ತು. ಎಲ್ಲಿ ತಪ್ಪಿದ್ವಿ?

ಗಡಿಯಾರ ನೋಡಿ ಹೋಗಿದ್ದೀರಿ, ಭರತ–ಇಳಿತ ನೋಡಿಲ್ಲ.

ರಾಜಹಂಸಗಳು ನವೆಂಬರ್ ಹೊತ್ತಿಗೆ ಠಾಣೆ ಖಾಡಿಗೆ ಬರತೊಡಗುತ್ತವೆ, ಮೇ ತನಕ ಇರುತ್ತವೆ. ಬಹುಪಾಲು ಕಛ್ ಕಡೆಯಿಂದ. ಲಕ್ಷ ದಾಟಿ ಎಣಿಸಿದ ವರ್ಷಗಳೂ ಇವೆ. ಕೆಸರಿನಲ್ಲಿ ಬೆಳೆಯುವ ಪಾಚಿ, ಸಣ್ಣ ಸಿಗಡಿಯಂಥ ಜೀವಿಗಳು ಅವುಗಳ ಊಟ, ಗುಲಾಬಿ ಬಣ್ಣವೂ ಆ ಊಟದ್ದೇ. ಹಾಗಾಗಿ ನೀರು ಪೂರ್ತಿ ಇಳಿದಾಗ ದೂರ ದೂರಕ್ಕೆ ಹರಡಿಹೋಗುತ್ತವೆ, ಶಿವಡಿಯ ದಂಡೆಯಿಂದ ನೋಡಿದರೆ ಸಿಗುವುದು ನೀವು ಹೇಳಿದ ಕೆಸರೇ. ಪೂರ್ತಿ ಭರತದಲ್ಲಿ ಕೆಸರು ಮುಳುಗಿ, ಎದ್ದು ನೆರೂಳಿನ ಕಡೆಯ ಕೊಳಗಳಿಗೆ ಹಾರುತ್ತವೆ. ದಂಡೆಯಿಂದ ನೋಡುವವರು ನಡುವಿನ ಹೊತ್ತು ಹಿಡಿಯಬೇಕು.

ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಬಿಡುತ್ತಾರೆ. ದೋಣಿಗೆ ನೀರು ಬೇಕಲ್ಲ, ಅದರ ವೇಳೆಯೂ ಭರತಕ್ಕೆ ತಕ್ಕಂತೆ ದಿನ ದಿನ ಬದಲು. ಮುಂಚೆ ಬುಕ್ ಮಾಡಿ ಹೋಗಿ. 2015ರಲ್ಲಿ ಅಭಯಾರಣ್ಯವಾದ ಈ ಖಾಡಿ 2022ರಲ್ಲಿ ರಾಮ್‌ಸಾರ್ ತಾಣ, ಅಂದರೆ ಜಗತ್ತೇ ಮಾನ್ಯ ಮಾಡಿದ ಜೌಗು ನೆಲ, ಆಯಿತು.

ನಾವು ಮಂಗಳೂರಿನವರು, ಕಡಲು ನೋಡಿಯೇ ಬೆಳೆದವರು. ಮುಂಬಯಿಯ ಈ ಕೊಳಕು ದಂಡೆಯಲ್ಲಿ ಎಂಥ ಉಂಟು ಮಾರಾಯ್ರೆ?

ನಾನೂ ಹಾಗೇ ಅಂದುಕೊಂಡಿದ್ದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಬಹಳ ಕೆಳಗೆ ಇಳಿಯುವ ದಿನ ಹಾಜಿ ಅಲಿ ಪಕ್ಕದ ಬಂಡೆಗಳ ಮೇಲೆ ಅಥವಾ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಇಳಿದು ನೋಡಿ. ಬಂಡೆಯ ಕುಳಿಗಳಲ್ಲಿ ಹೂವಿನಂತೆ ಅರಳಿದ ಕಡಲ ಹೂ, ಚಿಪ್ಪು ಹೊತ್ತು ನಡೆಯುವ ಏಡಿ, ಬಣ್ಣದ ಕಡಲ ಗೊಂಡೆಹುಳ, ಅದೃಷ್ಟವಿದ್ದರೆ ಒಂದು ಪುಟ್ಟ ಆಕ್ಟೋಪಸ್. 2017ರಿಂದ ‘ಮರೈನ್ ಲೈಫ್ ಆಫ್ ಮುಂಬೈ’ ಎಂಬ ನಾಗರಿಕರ ಬಳಗ ಇಂಥ ನಡಿಗೆ ನಡೆಸುತ್ತಿದೆ, ಮೊದಲ ಸಲ ಅವರ ಜೊತೆ ಹೋದರೆ ಕಣ್ಣು ತೆರೆಯುತ್ತದೆ. ಏನನ್ನೂ ಕೀಳಬೇಡಿ, ಮಗುಚಿದ ಕಲ್ಲನ್ನು ಹಾಗೇ ಮರಳಿ ಇಡಿ, ನೀರು ತಿರುಗುವ ಮೊದಲು ಮೇಲೆ ಬನ್ನಿ. ಮಳೆಗಾಲದಲ್ಲಿ ಜುಹು ದಂಡೆಗೆ ಬಂದು ಬೀಳುವ ನೀಲಿ ಬಲೂನಿನಂಥ ಪ್ರಾಣಿಯನ್ನು ಮುಟ್ಟಿದರೆ ಕೈ ಉರಿದು ಹೋಗುತ್ತದೆ.

ನಾನು ಪುಣೆಯಲ್ಲಿ, ಹಿಂಜವಡಿಯಲ್ಲಿ ಕೆಲಸ. ಬೆಟ್ಟ ಹತ್ತೋ ಆಸೆ ಇಲ್ಲ, ಕ್ಯಾಮೆರಾ ಇದೆ.

ಹಾಗಾದರೆ ಮುಂಬಯಿಯವರು ನಿಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕು. ಸೋಲಾಪುರ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ಹೋದರೆ ಭಿಗವಣ, ಉಜನಿ ಅಣೆಕಟ್ಟಿನ ಹಿನ್ನೀರು. ಚಳಿಗಾಲದಲ್ಲಿ ಮೀನುಗಾರರ ದೋಣಿಯಲ್ಲಿ ಕೂತು ಫ್ಲೆಮಿಂಗೊ ಗುಂಪಿನ ಹತ್ತಿರ ಹೋಗಬಹುದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತೂ ಬರುತ್ತದೆ. ಗದಗಿನ ಮಾಗಡಿ ಕೆರೆಗೆ ಬರುವುದೂ ಇದೇ ಹಕ್ಕಿ. ದೋಣಿಯವನಿಗೆ ‘ಹಾರಿಸು, ಫೋಟೊ ಬೇಕು’ ಎಂದು ಹೇಳುವವರಿದ್ದಾರೆ. ದಯವಿಟ್ಟು ನೀವು ಹೇಳಬೇಡಿ.

ಇನ್ನೊಂದು, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು: ಪುಣೆಯ ಪೂರ್ವದ ಹುಲ್ಲುಗಾವಲು. ಸಾಸವಡ, ಸುಪೆ, ಇಂದಾಪುರ ಕಡೆ ಮಳೆ ಕಡಿಮೆ, ಭೂಮಿ ನಮ್ಮ ಕೊಪ್ಪಳದಂತೆ. ಅಲ್ಲಿ ತೋಳ, ಕತ್ತೆಕಿರುಬ, ನರಿ ಇವೆ. ಸುಪೆ ಹತ್ತಿರದ ಮಯೂರೇಶ್ವರ ಐದು ಚದರ ಕಿಲೋಮೀಟರಿನ ಪುಟ್ಟ ಅಭಯಾರಣ್ಯ, ಚಿಂಕಾರ ಎಂಬ ಸಣ್ಣ ಹುಲ್ಲೆ ಸುಲಭವಾಗಿ ಕಾಣುತ್ತದೆ. ಜನ ಇದನ್ನು ‘ಪಾಳು ಭೂಮಿ’ ಎನ್ನುತ್ತಾರೆ, ಕಾಗದದ ಮೇಲೂ ಎಷ್ಟೋ ಕಡೆ ಹಾಗೇ ಇದೆ. ತೋಳದ ಮರಿಗಳಿರುವ ಗುಹೆಯ ಜಾಗ ಗೊತ್ತಾದರೂ ಯಾರಿಗೂ ಹೇಳಬೇಡಿ.

ಮನೆಯವರಿಗೆ ದೇವಸ್ಥಾನ ಬೇಕು, ನನಗೆ ಕಾಡು. ಜಗಳ ಆಗದ ಹಾಗೆ ಒಂದು ಜಾಗ?

ಭೀಮಾಶಂಕರ. ಅವರಿಗೆ ಜ್ಯೋತಿರ್ಲಿಂಗ, ನಿಮಗೆ 1985ರಿಂದ ಅಭಯಾರಣ್ಯವಾಗಿರುವ ಕಾಡು. ಇಲ್ಲಿಯ ಶೇಕರೂ, ಅಂದರೆ ಕೆಂದಳಿಲು, ಮಹಾರಾಷ್ಟ್ರದ ರಾಜ್ಯ ಪ್ರಾಣಿ. ದೇವಸ್ಥಾನದ ಗದ್ದಲದಿಂದ ಹತ್ತು ನಿಮಿಷ ಆಚೆ ನಡೆದು ಮೇಲೆ ನೋಡಿದರೆ ಕೊಂಬೆ ತುದಿಯಲ್ಲಿ ಕಡ್ಡಿ ಗೂಡು ಕಾಣುತ್ತದೆ. ಸೋಮವಾರ, ಶ್ರಾವಣ, ಶಿವರಾತ್ರಿ ಬಿಟ್ಟು ಹೋಗಿ. ಕರ್ಜತ್ ಕಡೆಯ ಖಾಂಡಸದಿಂದ ಹತ್ತುವ ಗಣೇಶ ಘಾಟ್ ಉದ್ದ ಆದರೆ ಸಲೀಸು. ಏಣಿಗಳ ಶಿಡಿ ಘಾಟ್ ಮಳೆಯಲ್ಲಿ ಬೇಡವೇ ಬೇಡ.

ಮಿಂಚುಹುಳ ನೋಡೋ ಟೂರ್ ಜಾಹೀರಾತು ಬರ್ತಾ ಇದೆ. ಹೋಗಬಹುದಾ?

ಹೋಗಬಹುದು, ಒಂದು ಷರತ್ತಿನ ಮೇಲೆ. ಮೊದಲ ಮಳೆಗೆ ಮುಂಚಿನ ಎರಡು ಮೂರು ವಾರ ರಾಜಮಾಚಿ, ಭಂಡಾರದರಾ, ಪುರುಷವಾಡಿ ಕಡೆ ಇಡೀ ಮರ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತದೆ. ಅದು ಗಂಡುಗಳು ಹೆಣ್ಣನ್ನು ಕರೆಯುವ ಬೆಳಕು. ನಿಮ್ಮ ಟಾರ್ಚು, ಮೊಬೈಲು, ಕಾರಿನ ಹೆಡ್‌ಲೈಟು ಬಿದ್ದರೆ ಆ ಮಾತುಕತೆ ಕೆಡುತ್ತದೆ. ಒಂದು ವರ್ಷ ದುಡ್ಡು ಕೊಟ್ಟು ಹೋದ ಗುಂಪಿನಲ್ಲಿ ಅರವತ್ತು ಜನ, ಸ್ಪೀಕರಿನಲ್ಲಿ ಹಾಡು. ಹುಳಗಳಿಗಿಂತ ಫ್ಲಾಷ್ ಜಾಸ್ತಿ ಮಿನುಗಿತು. ನೆಲದ ಮೇಲಿನ ಹುಳ ಕಾಲಡಿಗೆ ಸಿಕ್ಕಿ ಸಾಯುತ್ತವೆ ಎಂದು ಆಮೇಲೆ ತಿಳಿದು ನಾಚಿಕೆಯಾಯಿತು.

ಷರತ್ತು ಇಷ್ಟೇ: ಹಳ್ಳಿಯ ಮನೆಯಲ್ಲಿ ಉಳಿದು, ಹಳ್ಳಿಯವರ ಜೊತೆ, ನಾಲ್ಕೈದು ಜನ, ಹಾದಿ ಬಿಟ್ಟು ಇಳಿಯದೆ. ಮೊಬೈಲಿನಲ್ಲಿ ಫೋಟೊ ಬರುವುದೂ ಇಲ್ಲ, ಜೇಬಿನಲ್ಲೇ ಇರಲಿ.

ಹಾವು ಕಚ್ಚಿದ್ರೆ?

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕೂ ಇಲ್ಲಿವೆ. ಮಳೆಗಾಲದಲ್ಲಿ ಹಾದಿ ಪಕ್ಕದ ಗಿಡದಲ್ಲಿ ಹಸಿರು ಮಂಡಲವೂ ಇರುತ್ತದೆ, ಆಸರೆಗೆ ಕೊಂಬೆ ಹಿಡಿಯುವ ಮುನ್ನ ಸರಿಯಾಗಿ ನೋಡಿ. ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಉಂಗುರ, ಗಡಿಯಾರ ತೆಗೆದು, ಆ ಕೈಕಾಲು ಅಲುಗದಂತೆ ಕೋಲು ಇಟ್ಟು ಕಟ್ಟಿ, ನಡೆಸದೆ ಹೊತ್ತು ತನ್ನಿ. 108ಕ್ಕೆ ಫೋನ್ ಮಾಡಿ ವಿಷನಿರೋಧಕ ಇರುವ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿದು ತರಬೇಕಿಲ್ಲ, ನಾಲ್ಕಕ್ಕೂ ಒಂದೇ ಔಷಧ.

## ಮಳೆಗಾಲ

ಎಲ್ಲರೂ ಮಳೆಗಾಲದಲ್ಲೇ ಹೋಗ್ತಾರೆ, ನೀವು ಯಾಕೆ ಹೆದರಿಸ್ತೀರಿ?

ಹೆದರಿಸುವುದಿಲ್ಲ, ಲೆಕ್ಕ ಹೇಳುತ್ತೇನೆ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಝರಿಯಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಮುಂದಿನ ಜೂನಿನಲ್ಲಿ ತಳೇಗಾಂವ್ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿ ಮೇಲಿನ ಹಳೆಯ ಕಬ್ಬಿಣದ ಸೇತುವೆ ಜನರ ಸಮೇತ ಕುಸಿಯಿತು. 2023ರ ಜುಲೈಯಲ್ಲಿ ಇರ್ಶಾಳಗಡದ ಮಗ್ಗುಲಿನ ಇರ್ಶಾಳವಾಡಿ ಹಳ್ಳಿಯೇ ರಾತ್ರೋರಾತ್ರಿ ಮಣ್ಣಿನಡಿ ಸೇರಿತು. ಚಾರಣಿಗರಿಗೆ ಚಹಾ ಕೊಡುತ್ತಿದ್ದ ಮನೆಗಳು ಅವು.

ಈ ಬೆಟ್ಟಗಳು ಲಾವಾ ಪದರ ಪದರವಾಗಿ ಕೂತ ಕರಿಕಲ್ಲು. ಮಲೆನಾಡಿನ ಹಾಗೆ ದಟ್ಟ ಮರ, ದಪ್ಪ ಮಣ್ಣು ಎಲ್ಲ ಕಡೆ ಇಲ್ಲ, ಬಿದ್ದ ಮಳೆ ಹೀರದೆ ಇಳಿಯುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಬಯಲಿನಲ್ಲಿ ಮಳೆ ಸುರಿದರೆ ಮೊಣಕಾಲುದ್ದದ ಝರಿ ನಿಮಿಷಗಳಲ್ಲಿ ಎದೆಮಟ್ಟ ಆಗುತ್ತದೆ. ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ, ಫೋಟೊ ಬಿಟ್ಟು ದಡ ಹತ್ತಿ. ತೊರೆಯ ಆಚೆ ಸಿಕ್ಕಿಕೊಂಡರೆ ಆಚೆಯೇ ಕೂತಿರಿ, ಇಳಿಯುವ ತನಕ ಕಾಯಿರಿ.

ಲೋಹಗಡದಂಥ ಮೆಟ್ಟಿಲ ಕೋಟೆ ಮಳೆಗೆ ಚೆಂದ. ಈಗ ಅದು 2025ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಒಂದು, ಜಂಗುಳಿ ಇನ್ನೂ ಹೆಚ್ಚು. ಶನಿವಾರ, ಭಾನುವಾರ ಬಿಟ್ಟು ಹೋಗಿ. ದೇವಕುಂಡದಂಥ ಜಲಪಾತಗಳಿಗೆ ಜಿಲ್ಲಾಧಿಕಾರಿಗಳು ಮಳೆಗಾಲದಲ್ಲಿ ನಿಷೇಧ ಹಾಕುತ್ತಾರೆ. ಕಾವಲಿನವನಿಗೆ ನೂರು ರೂಪಾಯಿ ಕೊಟ್ಟು ನುಸುಳುವ ಜಾಣತನ ಬೇಡ.

ಇಂಬಳ ಇದೆಯಾ?

ಆಗುಂಬೆಯವರು ನಗುವಷ್ಟು ಕಡಿಮೆ. ಕೊಯ್ನಾ, ಆಂಬೋಲಿ ಕಡೆ ಹೋದರೆ ಮಾತ್ರ ಸುಣ್ಣ–ಹೊಗೆಸೊಪ್ಪು ನೆನಪಿಡಿ.

ಗಣಪತಿಗೆ ಕಾರಲ್ಲಿ ಊರಿಗೆ ಹೋಗ್ತೀವಿ. ದಾರಿಯಲ್ಲಿ ನಿಲ್ಲಿಸಿ ನೋಡುವಂಥದ್ದು?

ಸಾತಾರಾದಲ್ಲಿ ಹೆದ್ದಾರಿ ಬಿಟ್ಟು ಇಪ್ಪತ್ತೈದು ಕಿಲೋಮೀಟರ್ ಒಳಗೆ ಕಾಸ್ ಪಠಾರ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಕಲ್ಲುಹಾಸಿನ ಮೇಲೆ ಬೆರಳುದ್ದದ ಹೂಗಳು. ಅದರಲ್ಲಿ ನೇರಳೆ ಬಣ್ಣದ ‘ಸೀತೇಚಿ ಆಸವೆ’, ಸೀತೆಯ ಕಣ್ಣೀರು, ಬೇರಿನ ಕಡೆಯ ಪುಟ್ಟ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡ. ದಿನಕ್ಕೆ ಇಂತಿಷ್ಟೇ ಜನ, ಆನ್‌ಲೈನ್ ಬುಕಿಂಗ್. ಹಾದಿ ಬಿಟ್ಟು ಹೂವಿನ ನಡುವೆ ಕೂತು ಫೋಟೊ ತೆಗೆಸಿಕೊಳ್ಳುವ ಆಸೆ ಇದ್ದರೆ ಸೀದಾ ಊರಿಗೇ ಹೋಗಿ.

## ಕಾಲು ಪಳಗಿದವರಿಗೆ

ಐದಾರು ಕೋಟೆ ಹತ್ತಿದೀನಿ. ಮುಂದೆ ಕಳಸೂಬಾಯಿ ಹತ್ತಬಹುದಾ?

ಹತ್ತಿ. 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ‘ನಮ್ಮ ಮುಳ್ಳಯ್ಯನಗಿರಿ 1930’ ಎಂದು ಮೂಗು ಮುರಿಯಬೇಡಿ, ಅಲ್ಲಿ ಕಾರು ಬಹುತೇಕ ತುದಿಗೆ ಬಿಡುತ್ತದೆ, ಇಲ್ಲಿ ಬಾರಿ ಹಳ್ಳಿಯ ಗದ್ದೆಯಿಂದ ಮೂರು ನಾಲ್ಕು ಗಂಟೆ ಕಾಲೇ ಗತಿ. ಬಂಡೆ ಬಂದಲ್ಲಿ ಕಬ್ಬಿಣದ ಏಣಿಗಳಿವೆ. ಎತ್ತರಕ್ಕೆ ಹೆದರುವವರು ಒಂದು ಕೈ ಕಂಬಿ ಬಿಡದೆ, ಕೆಳಗೆ ನೋಡದೆ ಹತ್ತಬಹುದು. ಇಳಿಯುವಾಗ ಮುಖ ಏಣಿಯ ಕಡೆಗಿರಲಿ. ಗುಡುಗಿದರೆ ಏಣಿ ಬಿಟ್ಟು ದೂರ. ತುದಿಯಲ್ಲಿ ಕಳಸೂಬಾಯಿ ದೇವಿಯ ಪುಟ್ಟ ಗುಡಿ, ನವರಾತ್ರಿಯಲ್ಲಿ ಜಾತ್ರೆ. ನವೆಂಬರಿನ ಒಂದು ಶುಕ್ರವಾರ ರಜೆ ಹಾಕಿ ಹೋಗಿ, ಬೆಟ್ಟ ನಿಮ್ಮೊಬ್ಬರದೇ.

ಬೆಂಗಳೂರಲ್ಲಿದ್ದಾಗ ಸ್ಕಂದಗಿರಿ ನೈಟ್ ಟ್ರೆಕ್ ಮಾಡಿದ್ದೆ ಸರ್. ಇಲ್ಲಿ ಯಾವುದು ಬೆಸ್ಟ್?

ಅಭಯಾರಣ್ಯದೊಳಗೆ ರಾತ್ರಿ ನಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಡಿನ ಪ್ರಾಣಿಗಳಿಗೆ ಸಿಗುವುದೇ ಆ ಹೊತ್ತು. ಸೂರ್ಯೋದಯವೇ ಬೇಕಾದರೆ ರಾಜಮಾಚಿಯ ಉಧೇವಾಡಿಯಲ್ಲಿ ರಾತ್ರಿ ಉಳಿದು ನಸುಕಿಗೆ ಶ್ರೀವರ್ಧನ ಕೋಟೆಗೆ ಹತ್ತಿ, ಮುಕ್ಕಾಲು ಗಂಟೆಯೊಳಗಿನ ದಾರಿ. ನಿದ್ದೆಯೂ ಆಗುತ್ತದೆ, ಬೆಳಗೂ ಸಿಗುತ್ತದೆ.

ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿದೀವಿ. ಕೋಲಾಡ್ ಅದೇ ಥರ ಇದೆಯಾ?

ಒಂದೇ ಮರ್ಮ. ದಾಂಡೇಲಿಯಲ್ಲಿ ಸೂಪಾ ಅಣೆಕಟ್ಟಿನ ನೀರು ಬಿಟ್ಟರೆ ಕಾಳಿ ಉಕ್ಕುವ ಹಾಗೆ, ಇಲ್ಲಿ ಮುಳಶಿ ಕೆರೆಯ ನೀರು ಭಿರಾ ವಿದ್ಯುತ್ ಕೇಂದ್ರದಲ್ಲಿ ಕರೆಂಟು ಕೊಟ್ಟು ಕುಂಡಲಿಕಾ ನದಿಗೆ ಬರುತ್ತದೆ. ಆ ನೀರಿನ ಮೇಲೆಯೇ ಬೆಳಿಗ್ಗೆ ರಾಫ್ಟ್ ಬಿಡುತ್ತಾರೆ. ಹಾಗಾಗಿ ಉರಿ ಬೇಸಿಗೆಯಲ್ಲೂ ನಡೆಯುತ್ತದೆ, ತಡವಾಗಿ ಹೋದವರಿಗೆ ಮಾತ್ರ ಇಲ್ಲ. ಹನ್ನೆರಡು ಕಿಲೋಮೀಟರಿನಷ್ಟು ಹಾದಿ, ಹೊಸಬರಿಗೆ ಸಾಕಷ್ಟು ಒದ್ದೆ, ಸಾಕಷ್ಟು ಕೂಗು. ಲೈಫ್ ಜಾಕೆಟ್ಟಿನ ಪಟ್ಟಿ ನೀವೇ ಎಳೆದು ನೋಡಿ. ಭುಜದ ಹತ್ತಿರ ಹಿಡಿದೆತ್ತಿದರೆ ಅದು ಕಿವಿಗೆ ಬರಬಾರದು.

ಕಾಮ್‌ಶೇತ್ ಪ್ಯಾರಾಗ್ಲೈಡಿಂಗ್?

ಅಕ್ಟೋಬರಿನಿಂದ ಮೇ. ಗಾಳಿ ಸರಿ ಇಲ್ಲ ಎಂದು ಪೈಲಟ್ ಹಾರಿಸದೆ ಕೂರಿಸಿದರೆ ಸಿಟ್ಟಾಗಬೇಡಿ, ಅಂಥ ಪೈಲಟ್ಟನ್ನೇ ಹುಡುಕಬೇಕಾದ್ದು.

ಟ್ರೆಕಿಂಗ್ ಗ್ರೂಪಿನ ಜೊತೆ ಹೋಗೋದಾ, ನಾವೇ ಹೋಗೋದಾ? ಒಳ್ಳೆ ಗ್ರೂಪು ಅಂತ ಗೊತ್ತಾಗೋದು ಹೇಗೆ?

ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಎಷ್ಟು ಜನ, ಎಷ್ಟು ನಾಯಕರು? ಇಪ್ಪತ್ತಕ್ಕೆ ಇಬ್ಬರಿಗಿಂತ ಕಡಿಮೆ ಇದ್ದರೆ ಬೇಡ. ಮಳೆ ಹೆಚ್ಚಾದರೆ ಏನು ಮಾಡುತ್ತೀರಿ? ‘ಏನಾಗಲ್ಲ ಸರ್’ ಎಂದರೆ ಫೋನ್ ಇಡಿ. ‘ರದ್ದು ಮಾಡಿ ದುಡ್ಡು ವಾಪಸ್’ ಎಂದರೆ ಮುಂದಿನ ಮಾತು. ಹಳ್ಳಿಯ ದಾರಿ ತೋರಿಸುವವರು ಇರುತ್ತಾರಾ? ಹಕ್ಕಿ, ಗಿಡ ಕಲಿಯುವ ಆಸೆಯಿದ್ದರೆ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಡಿಗೆಗಳಿಗೆ ಹೋಗಿ, ಗೋರೆಗಾಂವಿನಲ್ಲಿ ಅವರ ಕೇಂದ್ರವಿದೆ. ನಾವೇ ಹೋಗುವುದಾದರೆ ಮೂವರಿಗಿಂತ ಕಡಿಮೆ ಬೇಡ. ಯಾವ ಹಳ್ಳಿಯಿಂದ ಹತ್ತಿ ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ.

ಹರಿಶ್ಚಂದ್ರಗಡಕ್ಕೆ ನಳಿಚಿ ವಾಟ ಹಿಡಿದು ಹೋಗಬೇಕು ಅಂತ ಆಸೆ. ನಿಮ್ಮ ಅಭಿಪ್ರಾಯ?

ಮೊದಲು ಪಾಚನಯಿ ಕಡೆಯಿಂದ ಒಂದು ಸಲ ಹೋಗಿ ಬನ್ನಿ. ಎರಡು ಮೂರು ಗಂಟೆಯ ಸುಲಭದ ಏರು. ಕೇದಾರೇಶ್ವರ ಗುಹೆಯಲ್ಲಿ ಸೊಂಟಮಟ್ಟದ ಕೊರೆಯುವ ನೀರಿನ ನಡುವೆ ಲಿಂಗ, ನಾಲ್ಕು ಕಂಬಗಳಲ್ಲಿ ಉಳಿದದ್ದು ಒಂದೇ. ಅಲ್ಲಿಂದ ಕೊಂಕಣ ಕಡಾ ಎಂಬ ಕಡಿದಾದ ಬಂಡೆಯಂಚಿಗೆ ನಡೆದು, ಅಂಚಿಗೆ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿ. ಬಂಡೆ ಹೆಡೆಯ ಹಾಗೆ ಒಳಕ್ಕೆ ಬಾಗಿದೆ. ಮಂಜು ತುಂಬಿ, ಬೆನ್ನ ಹಿಂದೆ ಬಿಸಿಲಿದ್ದರೆ ನಿಮ್ಮ ನೆರಳಿನ ಸುತ್ತ ಪೂರ್ತಿ ವೃತ್ತದ ಕಾಮನಬಿಲ್ಲು ಮೂಡುತ್ತದೆ, ಇಲ್ಲಿಯವರು ಅದನ್ನು ಇಂದ್ರವಜ್ರ ಎನ್ನುತ್ತಾರೆ. ನಾನು ಏಳು ಸಲ ಹೋಗಿ ಒಮ್ಮೆ ಕಂಡಿದ್ದೇನೆ.

ಹಾಗೆ ಮಲಗಿ ನೋಡುವಾಗ ಪಕ್ಕದಲ್ಲಿ ಒಂದು ಸೀಳು ಕಾಣುತ್ತದಲ್ಲ, ನಳಿಚಿ ವಾಟ ಹತ್ತಿ ಬರುವುದು ಅದರೊಳಗಿಂದ. ಮಾಳಶೇಜ್ ಬುಡದ ಬೇಲಪಾಡಾದಿಂದ ಹೊರಟು ಇಡೀ ದಿನ ಸಡಿಲ ಬಂಡೆಗಳ ಮೇಲೆ. ಮೇಲಿನವನ ಕಾಲು ಜಾರಿದರೆ ಕಲ್ಲು ಕೆಳಗಿನವನ ತಲೆಗೇ. ಡಿಸೆಂಬರ್, ಜನವರಿ ಮಾತ್ರ. ಹಗ್ಗ, ಹೆಲ್ಮೆಟ್, ದಾರಿ ಬಲ್ಲ ಹಳ್ಳಿಗ, ಮೂರೂ ಬೇಕು. ಹಿಂದಿನ ರಾತ್ರಿ ಬೇಲಪಾಡಾದಲ್ಲಿ ಉಳಿಯಿರಿ, ಬೆಳಿಗ್ಗೆ ಐದಕ್ಕೆ ಹೊರಡಿ, ಹನ್ನೆರಡಾದರೂ ಅರ್ಧ ದಾರಿ ಆಗಿಲ್ಲವೆಂದರೆ ಬಂದ ದಾರಿಯಲ್ಲೇ ಇಳಿಯಿರಿ. ನಾನು ಮೊದಲ ಪ್ರಯತ್ನದಲ್ಲಿ ಹಾಗೆಯೇ ಇಳಿದು ಬಂದೆ, ಬೇಲಪಾಡಾದ ಮಾವಶಿ ಏನೂ ಕೇಳದೆ ಚಹಾಕ್ಕೆ ನೀರಿಟ್ಟರು.